ಹಿಡಿ ಅಕ್ಕಿಯ ದುಡ್ಡು, ಎರಡು ದಿನದ ಬಿಡುವು

ನಿವೃತ್ತಿಯ ನಂತರ ನಾನು ಹೊತ್ತು ಹೇಗೆ ಕಳೆಯುತ್ತೇನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಒಂದು ಕುತೂಹಲ. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಕೈ ಸುಮ್ಮನಿರುವುದುಂಟೇ ಎಂಬುದು ಅವರ ಅನುಮಾನ. ಅನುಮಾನ ಸರಿಯಾದದ್ದೇ. ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ತಿಂಗಳಿಗೆ ಎರಡು ಸಾರಿ ಹನ್ನೊಂದು ಮಂದಿ ಹೆಂಗಸರು ಸೇರುತ್ತೇವೆ. ಅದು ನಮ್ಮ ಸಭೆಯ ಸ್ತ್ರೀಯರ ಕೂಟದ ಕಮಿಟಿ. ನಾನು ಅದರ ಕಾರ್ಯದರ್ಶಿ. ಇಲ್ಲಿ 'ಸಭೆ' ಎಂದರೆ ಮೀಟಿಂಗ್ ಎಂದು ತಿಳಿಯಬಾರದು. ಒಂದು ಚರ್ಚಿಗೆ ಸೇರಿದ ಜನಸಮುದಾಯವನ್ನೇ ನಮ್ಮಲ್ಲಿ ಸಭೆಯೆನ್ನುವುದು ವಾಡಿಕೆ. ಆದ್ದರಿಂದಲೇ ಪಾದ್ರಿಗಳು ಬರೆಹದಲ್ಲಿ ಸಭಾಪಾಲಕರು, ಬಾಯಿಮಾತಿನಲ್ಲಿ ಅಯ್ಯನವರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ನಮ್ಮ ಹಿರಿಯರ ವೆಸ್ಲಿಯನ್ ಸಭೆಯೂ ಅದರಲ್ಲಿ ಸೇರಿತು. ಹೆಸರು ಬದಲಾದರೂ ಹೆಂಗಸರು ಅಡುಗೆಮನೆಯಲ್ಲಿಯೇ ಉಳಿದರೆಂದು ನನ್ನ ತಾಯಿ ನಗುತ್ತ ಹೇಳುತ್ತಿದ್ದರು. ಈ ಬರೆಹ ಆ ಅಡುಗೆಮನೆಯ ವಿಚಾರವೇ.

ವರ್ಷಕ್ಕೊಮ್ಮೆ ನಮ್ಮ ಕೂಟದಿಂದ ಸ್ತ್ರೀಯರಿಗಾಗಿ ಧ್ಯಾನಕೂಟ ನಡೆಯುತ್ತದೆ. ಶುಕ್ರವಾರ ಸಂಜೆ ಊರ ಹೊರಗಿನ ಶಾಂತವಾದ ಜಾಗವೊಂದಕ್ಕೆ ಹೋಗಿ, ಎರಡು ರಾತ್ರಿ ತಂಗಿ, ಭಾನುವಾರ ಮಧ್ಯಾಹ್ನ ಹಿಂತಿರುಗುವುದು. ಇದನ್ನು ಎಲ್ಲರೂ 'ರಿಟ್ರೀಟ್' ಎಂದೇ ಕರೆಯುತ್ತಾರೆ. ಸೈನ್ಯ ಹಿಮ್ಮೆಟ್ಟುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಭಾಷೆ ಕಲಿಸಿದವಳಿಗೆ ಇಂಥ ಕಡೆ ಸುಮ್ಮನೆ ದಾಟಿ ಹೋಗಲಾಗುವುದಿಲ್ಲ, ಕ್ಷಮಿಸಿ. ಹಿಮ್ಮೆಟ್ಟುವುದೆಂದರೆ ಸೋಲೆಂದು ನಾವು ತಿಳಿದಿದ್ದೇವೆ. ಆದರೆ ಮಾರ್ಕನು ಬರೆದ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಜನಜಂಗುಳಿಯಿಂದ ಬಿಡಿಸಿಕೊಂಡು ಏಕಾಂತ ಸ್ಥಳಕ್ಕೆ ಬಂದು ದಣಿವಾರಿಸಿಕೊಳ್ಳಿರೆಂದು ಕರೆಯುತ್ತಾನೆ. ಅವರಿಗೆ ಊಟ ಮಾಡುವುದಕ್ಕೂ ಪುರಸೊತ್ತಿರಲಿಲ್ಲವೆಂದು ಅಲ್ಲಿಯೇ ಹೇಳಿದೆ. ಧ್ಯಾನಕೂಟದ ಬೇರು ಇದು.

ಈಗ ಹಳೆಯ ಧ್ಯಾನಕೂಟಗಳ ಕಾರ್ಯಕ್ರಮಪಟ್ಟಿಯನ್ನು ನೋಡಿ. ನನ್ನ ಕಡತದಲ್ಲಿ ಇಪ್ಪತ್ತು ವರ್ಷಗಳ ಪಟ್ಟಿಗಳಿವೆ. ಬೆಳಿಗ್ಗೆ ಐದೂವರೆಗೆ ಪ್ರಾರ್ಥನೆ, ಆರೂವರೆಗೆ ಕೀರ್ತನೆ, ಒಂಬತ್ತಕ್ಕೆ ಮೊದಲ ಪ್ರಸಂಗ, ಹನ್ನೊಂದಕ್ಕೆ ಎರಡನೆಯದು, ಮಧ್ಯಾಹ್ನ ವೇದವಾಕ್ಯ ಕಂಠಪಾಠದ ಸ್ಪರ್ಧೆ, ಆಮೇಲೆ ಗುಂಪು ಚರ್ಚೆ, ವರದಿ, ಮತ್ತೆ ಪ್ರಸಂಗ, ರಾತ್ರಿ ಒಂಬತ್ತೂವರೆಗೆ ಸಾಕ್ಷಿ. ಪರೀಕ್ಷೆ ಹತ್ತಿರ ಬಂದಾಗಲೂ ನಾನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಥ ವೇಳಾಪಟ್ಟಿ ಹಾಕಿದವಳಲ್ಲ. ಇದರ ನಡುವೆ ಅಡುಗೆ ಸರದಿ. ನಾಲ್ಕು ಗುಂಪು, ಒಂದೊಂದು ಹೊತ್ತಿಗೆ ಒಂದೊಂದು. ಬೆಳಗಿನ ಗುಂಪು ನಾಲ್ಕಕ್ಕೆದ್ದು ಇಡ್ಲಿ ಬೇಯಿಸಬೇಕು. ಮಧ್ಯಾಹ್ನದ ಗುಂಪು ಎರಡನೆಯ ಪ್ರಸಂಗವನ್ನು ಅಡುಗೆಮನೆಯ ಕಿಟಕಿಯಿಂದ ಕೇಳಬೇಕು, ಅದೂ ಒಗ್ಗರಣೆಯ ಸದ್ದಿನ ನಡುವೆ. ಒಂದು ವರ್ಷ ಪ್ರಸಂಗಿಗಳು ಲೂಕನ ಹತ್ತನೆಯ ಅಧ್ಯಾಯವನ್ನು ಆರಿಸಿಕೊಂಡಿದ್ದರು. ಯೇಸುವಿನ ಪಾದದ ಬಳಿ ಕುಳಿತು ಕೇಳಿದ ಮರಿಯಳ, ಮನೆಗೆಲಸದಲ್ಲಿ ಬೇಸತ್ತ ಮಾರ್ಥಳ ಕಥೆ. ಮರಿಯಳಂತಾಗಿರಿ ಎಂದು ಅವರು ಒಂದು ಗಂಟೆ ಬೋಧಿಸಿದರು. ಒಳಗೆ ಎಂಟು ಜನ ಮಾರ್ಥಳರು ನಲವತ್ತು ಜನರಿಗೆ ಚಪಾತಿ ಲಟ್ಟಿಸುತ್ತಿದ್ದರು. ಪ್ರಸಂಗ ಮುಗಿದ ಕೂಡಲೇ ಅವರು ಬಂದು ಕೇಳಿದ ಮೊದಲ ಮಾತು, ಊಟ ಆಗಿದೆಯೇ ಎಂದು.

ನಕ್ಕು ಮರೆಯುವ ಮಾತಲ್ಲ ಇದು. ಕಾರ್ಯದರ್ಶಿಯಾದ ಮೇಲೆ ನಾನು ಮೊದಲು ಮಾಡಿದ ಕೆಲಸ, ಹಾಜರಿ ಪುಸ್ತಕವನ್ನು ತಿರುವಿದ್ದು. ಮೇಷ್ಟ್ರ ಚಾಳಿ. ಕೂಟದ ಸದಸ್ಯೆಯರು ಎಪ್ಪತ್ತನಾಲ್ಕು. ಧ್ಯಾನಕೂಟಕ್ಕೆ ಬರುವವರು ಇಪ್ಪತ್ತೈದರಿಂದ ಇಪ್ಪತ್ತೆಂಟು, ಅದೂ ಪ್ರತಿವರ್ಷ ಅವರೇ. ತರಗತಿಯಲ್ಲಿ ಹುಡುಗ ನಾಲ್ಕು ದಿನ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವುದು ನಮ್ಮ ಕಾಲದ ಪದ್ಧತಿ. 2025ರ ಜನವರಿಯಲ್ಲಿ ಅದನ್ನೇ ಮಾಡಿದೆ. ಮಂಡಿ ಮೊಹಲ್ಲ, ತಿಲಕ್ ನಗರ, ಬನ್ನಿಮಂಟಪ, ಮೇಟಗಳ್ಳಿ, ಇತ್ತ ನಮ್ಮ ಗೋಕುಲಂ, ಒಂಟಿಕೊಪ್ಪಲು. ಜೊತೆಗೊಬ್ಬ ಸದಸ್ಯೆ, ಕೈಯಲ್ಲೊಂದು ನೋಟ್‌ಬುಕ್ಕು. ಭಕ್ತಿ ಕಡಿಮೆಯಾಗಿದೆಯೆಂದು ಯಾರೂ ಹೇಳಲಿಲ್ಲ. ಒಬ್ಬಾಕೆಯ ಅತ್ತೆ ಪಾರ್ಶ್ವವಾಯು ಹೊಡೆದು ಮಲಗಿ ಆರು ವರ್ಷ. ಇನ್ನೊಬ್ಬಾಕೆಯ ಮಗ ದ್ವಿತೀಯ ಪಿಯುಸಿ, ಮಾರ್ಚ್‌ನಲ್ಲಿ ಪರೀಕ್ಷೆ. ಮತ್ತೊಬ್ಬಾಕೆಯ ಗಂಡ ಬಾಗಿಲಲ್ಲೇ ನಿಂತು, "ಇವಳು ಹೋದರೆ ನಮಗೆ ಊಟ?" ಎಂದು ನಿಜವಾದ ಗಾಬರಿಯಿಂದ ಕೇಳಿದರು. ಆತನಿಗೆ ಐವತ್ತೆಂಟು ವರ್ಷ. ಶುಲ್ಕ ಕೊಡಲಾಗದೆಂದು ಬಾಯಿಬಿಟ್ಟು ಹೇಳದೆ, ಬೇರೆ ಕಾರಣ ಹೇಳಿದವರು ಆರೇಳು ಜನ. ಮೇಟಗಳ್ಳಿಯ ಒಬ್ಬ ತಾಯಿಯ ಮಾತನ್ನು ಹಾಗೆಯೇ ಬರೆದುಕೊಂಡೆ: "ಹೋಗಿಬಂದ ಮೇಲೆ ಮೂರು ದಿನದ ಪಾತ್ರೆ, ಮೂರು ದಿನದ ಬಟ್ಟೆ ಕಾದಿರುತ್ತೆ ಅಕ್ಕ. ಅಲ್ಲೂ ಅಡುಗೆ, ಬಂದರೂ ಅಡುಗೆ. ಅದಕ್ಕಿಂತ ಮನೇಲಿರೋದೇ ವಾಸಿ."

ಈ ಮಾತು ಕೇಳಿದಾಗ ನನಗೆ ನಮ್ಮ ದೊಡ್ಡಜ್ಜಿ ನೆನಪಾದರು. ಅಜ್ಜಿಯ ಅಕ್ಕ. ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ, ಹುಣಸೂರು ಕಡೆ ಮಿಷನ್ನಿನ 'ಬೈಬಲ್ ಹೆಂಗಸು' ಆಗಿದ್ದವರು. ಈಗಿನ ಮಕ್ಕಳಿಗೆ ಈ ಪದ ಗೊತ್ತಿರಲಾರದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮಿಷನ್‌ಗಳು ಇಂಥ ಸ್ತ್ರೀಯರನ್ನು, ಬಹುಮಟ್ಟಿಗೆ ವಿಧವೆಯರನ್ನು, ಸಣ್ಣ ಸಂಬಳಕ್ಕೆ ನೇಮಿಸಿಕೊಳ್ಳುತ್ತಿದ್ದವು. ಪರಗಂಡಸರು ಕಾಲಿಡಲಾಗದ ಮನೆಗಳ ಒಳಾಂಗಣಕ್ಕೆ ಹೋಗಿ ಹೆಣ್ಣುಮಕ್ಕಳಿಗೆ ಅಕ್ಷರ, ಹೊಲಿಗೆ, ವೇದದ ಕಥೆ ಹೇಳಿಕೊಡುವುದು ಅವರ ಕೆಲಸ. ಮೈಸೂರಿನ ಮಿಷನ್ ಮುದ್ರಣಾಲಯದಿಂದ ಹೆಂಗಸರಿಗೆಂದೇ 'ಮಹಿಳಾ ಸಖಿ' ಎಂಬ ಮಾಸಪತ್ರಿಕೆ ಹೊರಡುತ್ತಿತ್ತು. 1906ರಲ್ಲಿ ಮಂಡಿ ಮೊಹಲ್ಲದಲ್ಲಿ ವೆಸ್ಲಿಯನ್ ಮಿಷನ್ನಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ಮೈಸೂರಿಗರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ, ಬಾಗಿಲು ತೆರೆಯಿತು. ಅಂಥ ಆಸ್ಪತ್ರೆಗೆ ಬಸುರಿ ಬಾಣಂತಿಯರನ್ನು ಕಳಿಸಲು ಮನೆಯವರನ್ನು ಒಪ್ಪಿಸುವುದೂ ದೊಡ್ಡಜ್ಜಿಯಂಥವರ ಪಾಲಿಗೆ ಬರುತ್ತಿತ್ತು. ಕೊಡೆ, ಬಟ್ಟೆಚೀಲ, ಚಪ್ಪಲಿಯಿಲ್ಲದ ಕಾಲು. ನಾನು ನೋಡುವ ಹೊತ್ತಿಗೆ ಅವರಿಗೆ ಎಪ್ಪತ್ತರ ಹತ್ತಿರ. ಆಗಲೂ ಭಾನುವಾರ ಆರಾಧನೆ ಮುಗಿದ ಮೇಲೆ ಚಾಪೆ ಸುತ್ತಿಡುತ್ತಿದ್ದವರು ಅವರೇ. ಮಿಷನ್ನಿನ ಹಳೆಯ ವರದಿಗಳಲ್ಲಿ ಮಿಷನರಿಗಳಿಗೆ ಹೆಸರಿರುತ್ತದೆ. ಬೈಬಲ್ ಹೆಂಗಸರಿಗೆ ಬಹಳ ಸಲ ಸಂಖ್ಯೆ ಮಾತ್ರ, ಇಂಥ ಊರಿನಲ್ಲಿ ಇಷ್ಟು ಮಂದಿ ಎಂದು. "ಅಜ್ಜಿ, ನಿಮಗೆ ರಜೆ ಇರಲಿಲ್ಲವೇ?" ಎಂದು ಒಮ್ಮೆ ಕೇಳಿದ್ದೆ. "ಕಾಯಿಲೆ ಬಿದ್ದಾಗ ಇತ್ತಲ್ಲ" ಎಂದಿದ್ದರು.

ಈ ಕೊರತೆಯನ್ನು ಕಂಡವರು ಇರಲಿಲ್ಲವೆಂದಲ್ಲ. ದಕ್ಷಿಣ ಭಾರತ ಸಭೆಯ ಆರಂಭದ ವರ್ಷಗಳಲ್ಲಿ ಕ್ಯಾರಲ್ ಗ್ರಹಾಂ ಎಂಬ ಇಂಗ್ಲಿಷ್ ಮಹಿಳೆ ಸ್ತ್ರೀಯರ ಕೆಲಸಕ್ಕೆ ಒಂದು ರೂಪ ಕೊಟ್ಟರು. ಸಭೆಯ ಸೇವೆಗೆ ಮುಡಿಪಾದ ಸಿಸ್ಟರುಗಳ ಬಳಗ ಕಟ್ಟಲು ಮುಂದಾಳಾದರು. ಆ ಬಳಗದ ಮನೆ ಬೆಂಗಳೂರಿನಲ್ಲಿದೆ. ಅದಕ್ಕೆ ಶಾಲೆಯ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಇಡಲಿಲ್ಲ, 'ವಿಶ್ರಾಂತಿ ನಿಲಯಂ' ಎಂದಿಟ್ಟರು. ನನಗೆ ಆ ಹೆಸರಿನ ಮೇಲೆ ಬಹಳ ಪ್ರೀತಿ. ಅಂದ ಹಾಗೆ, ಅದೇ ದಕ್ಷಿಣ ಭಾರತ ಸಭೆಯಲ್ಲಿ ಒಬ್ಬ ಮಹಿಳೆ, ಪುಷ್ಪಲಲಿತಾ ಅವರು, ಬಿಷಪ್ ಆಗಲು 2013ರವರೆಗೆ ಕಾಯಬೇಕಾಯಿತು.

ಇರಲಿ, ನಮ್ಮ ಕಮಿಟಿಗೆ ಬರುತ್ತೇನೆ. ಫೆಬ್ರವರಿ 7ರಿಂದ 9ರವರೆಗೆ ಎಂದು ದಿನ ನಿಶ್ಚಯಿಸಿದೆವು. ನಡುವಿನದು ಎರಡನೆಯ ಶನಿವಾರ, ಸರ್ಕಾರಿ ಕೆಲಸದವರಿಗೆ ರಜೆ. ಪರೀಕ್ಷೆಗಳಿಗೂ ಲೆಂಟ್ ಕಾಲಕ್ಕೂ ಮುಂಚೆ. ಜಾಗ, ಎಚ್.ಡಿ. ಕೋಟೆ ರಸ್ತೆಯ ಕಡೆ ಕಥೋಲಿಕ ಸಿಸ್ಟರುಗಳು ನಡೆಸುವ ಒಂದು ಮನೆ. ದೊಡ್ಡಜ್ಜಿ ಬದುಕಿದ್ದರೆ ನಾವು ಕನ್ಯಾಮಠದವರ ಮನೆಯಲ್ಲಿ ಧ್ಯಾನ ಮಾಡುವುದನ್ನು ಕೇಳಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಪ್ರಯಾಣದ ಚಿಂತೆ ಇರಲಿಲ್ಲ. ಹಿಂದೆಲ್ಲ ಟೆಂಪೊ ಬಾಡಿಗೆಗೇ ನಾಲ್ಕೈದು ಸಾವಿರ ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾರಿಗೆ ಬಸ್ಸು ಉಚಿತವಷ್ಟೆ; ನಗರ ಬಸ್ ನಿಲ್ದಾಣದಲ್ಲಿ ಸೇರಿ ಆಧಾರ್ ಕಾರ್ಡು ತೋರಿಸಿ ಹೊರಡುವುದೆಂದಾಯಿತು. ಪ್ರಸಂಗಕ್ಕೆ ಮೊದಲು ಹೆಸರಾಂತರೊಬ್ಬರನ್ನು ಕೇಳಿದೆವು. ಅವರು ಕಾರು, ಗೌರವಧನ, ಬೇರೆ ಕೋಣೆ ಎಂದು ಪಟ್ಟಿ ಕೊಟ್ಟರು. ವಂದನೆ ಹೇಳಿ ಬಿಟ್ಟೆವು. ಹಾಸನದ ಕಡೆ ಸೇವೆಯಲ್ಲಿದ್ದ ಒಬ್ಬ ಮಹಿಳಾ ಸಭಾಪಾಲಕಿ ಬಸ್ಸಿನಲ್ಲಿಯೇ ಬರಲೊಪ್ಪಿದರು.

ಅಡುಗೆಗೆ ಜನ ಇಡಬೇಕೆಂದು ನಾನು ಹೇಳಿದಾಗ ಮಾತು ಬಿಸಿಯಾಯಿತು. ಮೂವರು ಅಡುಗೆಯವರು, ಎರಡು ದಿನಕ್ಕೆ ಹದಿನೈದು ಸಾವಿರ ಕೂಲಿ. ಮನೆಯ ಬಾಡಿಗೆ, ದಿನಸಿ, ತರಕಾರಿ ಎಲ್ಲವನ್ನೂ ಶುಲ್ಕದಿಂದಲೂ ಕೆಲವರ ಉದಾರ ಕಾಣಿಕೆಯಿಂದಲೂ ಸರಿದೂಗಿಸಿದ್ದೆವು. ಹನ್ನೊಂದು ಜನರಿಗೆ ಶುಲ್ಕ ಬೇಡವೆಂದೂ, ಆ ಹನ್ನೊಂದು ಜನ ಯಾರೆಂಬುದು ನನಗೂ ಖಜಾಂಚಿಗೂ ಬಿಟ್ಟು ಯಾರಿಗೂ ತಿಳಿಯಬಾರದೆಂದೂ ತೀರ್ಮಾನಿಸಿದ್ದೆವು. ಕೊರತೆ ಉಳಿದದ್ದು ಹದಿನೈದು ಸಾವಿರ. ಕೈಗೆಟಕುವಂತಿದ್ದ ಹಣ ಒಂದೇ: ಹಿಡಿ ಅಕ್ಕಿಯ ದುಡ್ಡು.

ಹೊರಗಿನವರಿಗಾಗಿ ಎರಡು ಮಾತು. ನಮ್ಮ ಕೂಟದ ಹೆಂಗಸರು ಅನ್ನಕ್ಕಿಡುವಾಗ ಅಳತೆ ಹಾಕಿದ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ತಿಂಗಳ ಮೊದಲ ಭಾನುವಾರ ಅದನ್ನು ತಂದು ಸಭೆಯ ದೊಡ್ಡ ಡಬ್ಬಕ್ಕೆ ಸುರಿಯುತ್ತಾರೆ. ಆರಾಧನೆಯ ನಂತರ ಹರಾಜು. ನಾನಾ ಬಗೆಯ ಅಕ್ಕಿ ಬೆರೆತ ಅದನ್ನು ಕೊಳ್ಳುವವರು ಕೋಳಿ ಸಾಕುವವರು, ಇಲ್ಲವೇ ಕೂಗಿದ ಬೆಲೆಗೆ ಮುಲಾಜಿಗೆ ಬಿದ್ದ ಹಿರಿಯರು. ದೂರದ ಮಿಜೋರಾಂನಲ್ಲಿ ಇದನ್ನೇ 'ಬುಹ್‌ಫಾಯ್ ಥಾಮ್' ಎನ್ನುತ್ತಾರೆ. 1910ರಲ್ಲಿ ಅಲ್ಲಿಯ ಹೆಂಗಸರು ಆರಂಭಿಸಿದ್ದು. ಇಂದು ಹಿಡಿ ಅಕ್ಕಿಯಿಂದಲೇ ಅವರ ಸಭೆಗೆ ವರ್ಷಕ್ಕೆ ಕೋಟಿಗಟ್ಟಲೆ ಹಣ ಕೂಡುತ್ತದೆ. ನಮ್ಮದು ಅಂಥದ್ದೇನಲ್ಲ. ಖಾತೆಯಲ್ಲಿದ್ದದ್ದು ಇಪ್ಪತ್ಮೂರು ಸಾವಿರದ ಚಿಲ್ಲರೆ, ಹಳ್ಳಿಗಳ ಸೇವೆಗೆಂದು ಮೀಸಲು.

ಕಮಿಟಿಯಲ್ಲಿ ಹಿರಿಯರೊಬ್ಬರಿದ್ದಾರೆ, ಎಂಬತ್ತೊಂದು ವರ್ಷ, ನಮಗೆಲ್ಲ ದೊಡ್ಡಕ್ಕ. ಎಪ್ಪತ್ತರ ದಶಕದಲ್ಲಿ ಎತ್ತಿನ ಗಾಡಿಯಲ್ಲಿ ಹಳ್ಳಿಗಳಿಗೆ ಹೋಗಿ ಕೆಲಸ ಮಾಡಿದವರು. ಅವರು ಕಾಫಿ ಲೋಟ ಕೆಳಗಿಟ್ಟು, "ಆ ಅಕ್ಕಿ ಹಳ್ಳಿಯವರ ಪಾಲು. ಅದರಲ್ಲಿ ನಾವು ಕೂತು ಉಣ್ಣೋದೇನಮ್ಮ? ನಮ್ಮ ಅಮ್ಮಂದಿರು ಕೂಟಕ್ಕೆ ಸೌದೆ ಹೊತ್ತು ತಂದು ಬೇಯಿಸಿದರು. ಸೇವೆಗೆ ಕೂಲಿ ಇಡೋ ಕಾಲ ಬಂತಲ್ಲ" ಎಂದರು. ಕೋಣೆ ಮೌನವಾಯಿತು. ಅವರದು ಹಟದ ಮಾತಾಗಿರಲಿಲ್ಲ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಇನ್ನೊಂದಕ್ಕೆ ಬಳಸಬಾರದೆಂಬುದು ಧರ್ಮವೂ ಹೌದು, ಲೆಕ್ಕಪತ್ರದ ನಿಯಮವೂ ಹೌದು. ನಾನು ಹೇಳಿದ್ದಿಷ್ಟು: ಸೇವೆಯೆಂದರೆ ಯಾರಿಗೆ ಬಿಡುವಿಲ್ಲವೋ ಅವರಿಗೆ ಬಿಡುವು ಮಾಡಿಕೊಡುವುದೂ ಸೇರಿದೆ, ಮೇಟಗಳ್ಳಿಯ ಒಲೆಯ ಮುಂದೆ ಕುಳಿತವಳೂ ನಮ್ಮ ಪಾಲಿಗೆ ಹಳ್ಳಿಯೇ. ಈ ವಾಕ್ಚಾತುರ್ಯಕ್ಕೆ ದೊಡ್ಡಕ್ಕ ಮರುಳಾಗಲಿಲ್ಲ. ಕೊನೆಗೆ ಬಾಯಿ ತೆರೆದದ್ದು ಅಕ್ಕಿ ಡಬ್ಬ ನೋಡಿಕೊಳ್ಳುವ, ಹೊಲಿಗೆಯಿಂದ ಸಂಸಾರ ನಡೆಸುವ, ಕಮಿಟಿಯಲ್ಲಿ ಎಂದೂ ಮಾತಾಡದ ಸದಸ್ಯೆ. "ತಿಂಗಳು ತಿಂಗಳು ಯಾರು ಎಷ್ಟು ತರ್ತಾರೆ ಅಂತ ನಂಗೊತ್ತು ಅಕ್ಕ. ತಪ್ಪದೆ ತರೋರಲ್ಲಿ ಅರ್ಧ ಜನ ಈ ಕೂಟದ ಮುಖ ನೋಡಿಲ್ಲ."

ಕೈ ಎತ್ತಿಸಿದೆವು. ಏಳು ಪರ, ಮೂರು ವಿರೋಧ, ಒಬ್ಬರು ಸುಮ್ಮನಿದ್ದರು. ದೊಡ್ಡಕ್ಕ ಒಂದು ಷರತ್ತು ಹಾಕಿದರು: ಇದು ಸಾಲ, ಮುಂದಿನ ಧ್ಯಾನಕೂಟದೊಳಗೆ ಹದಿನೈದು ಸಾವಿರವೂ ಹಳ್ಳಿ ಖಾತೆಗೆ ಹಿಂತಿರುಗಬೇಕು. ನ್ಯಾಯವಾದ ಷರತ್ತು. ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆದೆ.

ಉಳಿದ ಏರ್ಪಾಡು ಮನೆಗಳದ್ದು. ಪಾರ್ಶ್ವವಾಯುವಿನ ಅತ್ತೆಯ ಬಳಿ ಎರಡು ರಾತ್ರಿ ಕೂರಲು ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರು ಸಿಕ್ಕರು. ಅಯ್ಯನವರು ಹಿಂದಿನ ಭಾನುವಾರ ವೇದಿಕೆಯಿಂದಲೇ, ಎರಡು ದಿನ ಸಭೆಯ ಗಂಡಸರು ಸ್ವಂತ ಮನೆಯಲ್ಲಿ ಅಡುಗೆ ಮಾಡತಕ್ಕದ್ದು, ತಾವೂ ಮಾಡುವುದಾಗಿ ಪ್ರಕಟಿಸಿದರು. ಪ್ರಕಟಣೆಗೆ ನಗು ಬಂತು. ಐವತ್ತೆಂಟರ ಆ ಗಂಡನ ಮನೆಗೆ ಪಕ್ಕದ ಮನೆಯವರು ಸಾರು ಕಳಿಸಿದರೆಂದು ಆಮೇಲೆ ತಿಳಿಯಿತು. ಅನ್ನ ಮಾತ್ರ ಆತನೇ ಮಾಡಿದರಂತೆ.

ಮೂವತ್ತೆಂಟು ಜನ ಬಂದರು. ದೊಡ್ಡಕ್ಕನೂ ಬಂದರು. ಕಾರ್ಯಕ್ರಮಪಟ್ಟಿಯಲ್ಲಿ ದಿನಕ್ಕೆ ಒಂದು ಪ್ರಸಂಗ, ಬೆಳಿಗ್ಗೆ ಸಂಜೆ ಪ್ರಾರ್ಥನೆ, ನಡುವೆ ಬಹಳಷ್ಟು ಖಾಲಿ ಜಾಗ. ಶನಿವಾರ ಬೆಳಿಗ್ಗೆ ಎರಡು ಗಂಟೆಯ ಮೌನ. ಫೋನುಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಕ್ಕೆ ಹಾಕಿಸಿದೆ, ಪರೀಕ್ಷಾ ಕೊಠಡಿಯಲ್ಲಿ ಹಾಕಿಸುವಂತೆ. ಅದರೊಳಗಿಂದ ಎರಡು ಗಂಟೆಯೂ ಗುಂಯ್ ಗುಂಯ್ ಎನ್ನುತ್ತಿತ್ತು. ಮೌನವೆಂಬುದು ಅಭ್ಯಾಸವಿಲ್ಲದವರಿಗೆ ಕಷ್ಟದ ಕೆಲಸ. ಮೊದಲ ಅರ್ಧ ಗಂಟೆ ಎಲ್ಲರೂ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಹನ್ನೊಂದರ ಹೊತ್ತಿಗೆ ಅಡುಗೆಮನೆಯ ಕಡೆ ಗದ್ದಲ. ಹೋಗಿ ನೋಡಿದರೆ ದೊಡ್ಡಕ್ಕ ಈಳಿಗೆಮಣೆ ಹಾಕಿಕೊಂಡು ಬೀನ್ಸ್ ಹೆಚ್ಚಲು ಕುಳಿತಿದ್ದಾರೆ, ಅಡುಗೆಯಾಕೆ, "ಅಮ್ಮ, ನಮ್ಮ ಕೆಲಸ ಕೆಡಿಸಬೇಡಿ, ಆಚೆ ನಡೀರಿ" ಎಂದು ಎಬ್ಬಿಸುತ್ತಿದ್ದಾಳೆ. ದೊಡ್ಡಕ್ಕ ಹೊರಗೆ ಬಂದು ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕುಳಿತರು. ಬಹಳ ಹೊತ್ತು ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಇನ್ನು ಒಬ್ಬಾಕೆಯ ವಿಚಾರ. ಹೆಸರು ಬರೆಯುವುದಿಲ್ಲ, ಬರೆಯಲು ಆಕೆಯ ಅನುಮತಿ ಇದೆ, ಹೆಸರಿಗೆ ಇಲ್ಲ. ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಯ ಆಯಾ. ಬೆಳಿಗ್ಗೆ ಪಾಳಿ ಮುಗಿಸಿ ನೇರವಾಗಿ ಗೋಕುಲಂಗೆ ಹೋಗಿ ಎರಡು ಬಾಡಿಗೆ ಮನೆಗಳಲ್ಲಿ ಕಸ ಮುಸುರೆ. ಗೋಕುಲಂ ನಿಮಗೆ ಗೊತ್ತಲ್ಲ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದಿಂದಾಗಿ ಜಗತ್ತಿನ ಮೂಲೆ ಮೂಲೆಯಿಂದ ಜನ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅವರೂ ದಣಿದೇ ಬರುತ್ತಾರೆ, ಅದರಲ್ಲಿ ಕೊಂಕೇನಿಲ್ಲ. ಅವರು ಮಲಗೆದ್ದ ಕೋಣೆಗಳನ್ನು ಗುಡಿಸುವುದು ಈಕೆ. ಮಧ್ಯಾಹ್ನ ಮನೆಗೆ ಹೋಗಿ ಅಡುಗೆ, ಸಂಜೆ ಮೂರು ಗಂಟೆಯ ನಿದ್ದೆ, ಮತ್ತೆ ಪಾಳಿ. ಹನ್ನೆರಡು ವರ್ಷಗಳಿಂದ ಹೀಗೆ. ಕೂಟಕ್ಕೆಂದು ಎರಡು ಪಾಳಿಗಳನ್ನು ಇನ್ನೊಬ್ಬಾಕೆಗೆ ಬಿಟ್ಟುಕೊಟ್ಟು ಬಂದಿದ್ದಳು.

ಶುಕ್ರವಾರ ರಾತ್ರಿ ಊಟ ಮಾಡಿ ಮಲಗಿದವಳು ಶನಿವಾರ ಬೆಳಗಿನ ಪ್ರಾರ್ಥನೆಗೆ ಏಳಲಿಲ್ಲ. ತಿಂಡಿಗೆ ಏಳಲಿಲ್ಲ. ಪ್ರಸಂಗಕ್ಕೂ ಇಲ್ಲ. ಕಮಿಟಿಯ ಒಬ್ಬಿಬ್ಬರು, "ಎಬ್ಬಿಸಬೇಕು, ಮಿಸ್. ಶುಲ್ಕ ಬಿಟ್ಟದ್ದು ಮಲಗೋದಕ್ಕಾ?" ಎಂದರು. ನಾನು ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಕಿಟಕಿಯ ಬಿಸಿಲು ಪಾದದ ಮೇಲಿತ್ತು. ಹಿಮ್ಮಡಿ ಬಿರಿದಿದ್ದವು. ಉಸಿರು ನಿಧಾನವಾಗಿ ಆಡುತ್ತಿತ್ತು. ಕದ ಮುಂದಕ್ಕೆಳೆದು ಬಂದೆ. ಯಾರೂ ಆ ಕಡೆ ಹೋಗಕೂಡದೆಂದು ತರಗತಿಯ ದನಿಯಲ್ಲಿ ಹೇಳಿದೆ. ಮಧ್ಯಾಹ್ನ ಮೂರೂವರೆಗೆ ಎದ್ದು ಹೊರಗೆ ಬಂದಳು, ಮುಖ ಊದಿತ್ತು, ಹೊತ್ತೇನೆಂದು ತಿಳಿಯದ ಗಾಬರಿ. ಅಡುಗೆಯಾಕೆ ಅನ್ನ, ಸೊಪ್ಪಿನ ಸಾರು, ಹುರುಳಿಕಾಯಿ ಪಲ್ಯ ಬಿಸಿಮಾಡಿ ಬಡಿಸಿದಳು. ಉಂಡು, ತಟ್ಟೆ ತೊಳೆಯಲು ಹೋದರೆ ಬಿಡಲಿಲ್ಲ. ಅರ್ಧ ಗಂಟೆ ಬೆಂಚಿನಲ್ಲಿ ದೊಡ್ಡಕ್ಕನ ಪಕ್ಕ ಕುಳಿತಿದ್ದು, ಮತ್ತೆ ಹೋಗಿ ಮಲಗಿದಳು.

ಸಭಾಪಾಲಕಿಯಮ್ಮ ಇದನ್ನೆಲ್ಲ ನೋಡಿದ್ದರೋ ಏನೋ, ನಾನಂತೂ ಹೇಳಿರಲಿಲ್ಲ. ಭಾನುವಾರದ ಪ್ರಸಂಗಕ್ಕೆ ಸಿದ್ಧಪಡಿಸಿಕೊಂಡು ಬಂದದ್ದನ್ನು ಬದಿಗಿಟ್ಟು ಅರಸುಗಳು ಮೊದಲನೆಯ ಭಾಗದ ಹತ್ತೊಂಬತ್ತನೆಯ ಅಧ್ಯಾಯವನ್ನು ಓದಿದರು. ಪ್ರವಾದಿ ಎಲೀಯನು ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಓಡಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದು, ಸಾಕಿನ್ನು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳಿಕೊಂಡು ನಿದ್ದೆಹೋಗುತ್ತಾನೆ. ದೂತನು ಬಂದು ಮುಟ್ಟಿ ಎಬ್ಬಿಸುತ್ತಾನೆ. ಬೈಯುವುದಿಲ್ಲ, ಬೋಧಿಸುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯನು ತಿಂದು ಕುಡಿದು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಾರಿ ಬಂದು ಮತ್ತೆ ಉಣಿಸುತ್ತಾನೆ. ದೇವರ ಮಾತು ಬರುವುದು ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಸಭಾಪಾಲಕಿಯಮ್ಮ ಇದನ್ನು ಓದಿ, ಎರಡು ಮಾತಿನಲ್ಲಿ ವಿವರಿಸಿ, ಹತ್ತೇ ನಿಮಿಷದಲ್ಲಿ ಕುಳಿತುಬಿಟ್ಟರು. ನನ್ನ ಜೀವಮಾನದಲ್ಲಿ ಕೇಳಿದ ಅತಿ ಚಿಕ್ಕ ಪ್ರಸಂಗ ಅದು. ಹಿಂದಿನ ಸಾಲಿನಲ್ಲಿ ಆ ಆಯಾ ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕಿ ಕುಳಿತಿದ್ದಳು. ಪ್ರಸಂಗದುದ್ದಕ್ಕೂ ಎಚ್ಚರವಾಗಿದ್ದಳೆಂದು ದೊಡ್ಡಕ್ಕ ಆಮೇಲೆ ನನ್ನ ಕಿವಿಯಲ್ಲಿ ವರದಿ ಕೊಟ್ಟರು.

ಬರುವಾಗ ಬಸ್ಸು ತುಂಬಿತ್ತು. ಮಾನಂದವಾಡಿ ರಸ್ತೆಯುದ್ದಕ್ಕೂ ಹೆಂಗಸರು ಕೀರ್ತನೆ ಹಾಡಿದರು, ಕಂಡಕ್ಟರು ಬೇಡವೆನ್ನಲಿಲ್ಲ. ತಿಂಗಳು ಕಳೆದು, ಮಾರ್ಚ್ 7ರ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ ಬಂತು. ಪ್ರತಿ ಮಾರ್ಚ್‌ನ ಮೊದಲ ಶುಕ್ರವಾರ ಜಗತ್ತಿನ ಎಲ್ಲೆಡೆಯ ಕ್ರೈಸ್ತ ಸ್ತ್ರೀಯರು ಒಂದೇ ಪ್ರಾರ್ಥನಾಕ್ರಮ ಬಳಸುವ ದಿನ ಅದು. 2025ರ ಕ್ರಮವನ್ನು ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ಹೆಂಗಸರು ಬರೆದಿದ್ದರು. ಆ ಸಂಜೆ ಮೇಟಗಳ್ಳಿಯ ಆ ತಾಯಿಯೂ ಬಂದಿದ್ದರು. ಧ್ಯಾನಕೂಟದಿಂದ ಹಿಂತಿರುಗಿದಾಗ ಪಾತ್ರೆಗಳು ಕಾದಿದ್ದವೇ ಎಂದು ಕೇಳಿದೆ. "ಬಟ್ಟೆ ಒಗೆದಿದ್ರು, ಪಾತ್ರೆ ಹಾಗೇ ಇತ್ತು" ಎಂದರು.

ಸಾಲದ ಲೆಕ್ಕ ನನ್ನ ಮೇಜಿನ ಮೇಲಿದೆ. ಮಾವಿನಕಾಯಿ ಉಪ್ಪಿನಕಾಯಿ ಮಾರಿ ಬಂದದ್ದು ನಾಲ್ಕು ಸಾವಿರದ ಇನ್ನೂರು, ಕೈಚೀಲಗಳಿಂದ ಎರಡು ಸಾವಿರದ ಆರುನೂರು, ಕ್ರಿಸ್‌ಮಸ್ಸಿನ ಕಲ್‌ಕಲ್ ಮತ್ತು ರೋಸ್ ಕುಕೀಸ್‌ನಿಂದ ಐದು ಸಾವಿರ. ಒಟ್ಟು ಹನ್ನೊಂದು ಸಾವಿರದ ಎಂಟುನೂರು ಹಳ್ಳಿ ಖಾತೆಗೆ ಹಿಂತಿರುಗಿದೆ. ದೊಡ್ಡಕ್ಕ ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು, "ಇನ್ನೆಷ್ಟು?" ಎನ್ನುತ್ತಾರೆ. ಮೂರು ಸಾವಿರದ ಇನ್ನೂರು. ಈ ಬರೆಹ ಓದುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ನಿಂಬೆಹಣ್ಣಿನ ಉಪ್ಪಿನಕಾಯಿ ಬೇಕಿದ್ದರೆ ತಿಳಿಸಿ. ಖಾರ ಹೆಚ್ಚು, ಎಣ್ಣೆ ಕಡಿಮೆ, ಕಾಲು ಕಿಲೋಗೆ ನೂರು ರೂಪಾಯಿ.